ಗೆರೆ ಸೊಟ್ಟ, ಗುರುತು ನೆಟ್ಟಗೆ

ವ್ಯಂಗ್ಯಚಿತ್ರದಲ್ಲಿ ಮೂಗು, ಕಿವಿ ವಿಪರೀತ ದೊಡ್ಡದಾಗಿದ್ದರೂ ಅದು ಯಾರ ಮುಖ ಎಂದು ತಕ್ಷಣ ಗೊತ್ತಾಗುವುದು ಹೇಗೆ?
– ಓದುಗರೊಬ್ಬರು, ಆನೇಕಲ್

ನೋಡಿದ ಸಾವಿರಾರು ಮುಖಗಳಿಂದ ಮಿದುಳು ಒಂದು ಸರಾಸರಿ ಮುಖವನ್ನು ರೂಪಿಸಿಕೊಂಡಿರುತ್ತದೆ. ಯಾರನ್ನೇ ಕಂಡರೂ ಅವರ ಮುಖ ಈ ಸರಾಸರಿಗಿಂತ ಎಲ್ಲಿ ಭಿನ್ನ ಎಂಬುದನ್ನು ಮುಖ್ಯವಾಗಿ ಗಮನಿಸುತ್ತದೆ. ಒಂದೇ ಥರದ ಮನೆಗಳಿರುವ ಬಡಾವಣೆಯಲ್ಲಿ ‘ಹಳದಿ ಗೇಟಿನ ಮನೆ’ ಎಂದು ಗುರುತು ಹೇಳುವುದಿಲ್ಲವೇ, ಹಾಗೆ.

ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರಂಥ ವ್ಯಂಗ್ಯಚಿತ್ರಕಾರರು ಆ ವ್ಯತ್ಯಾಸವನ್ನೇ ಹಿಗ್ಗಿಸಿ, ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಆಗ ಮಿದುಳಿನ ತಳಭಾಗದಲ್ಲಿರುವ, ಮುಖ ಗುರುತಿಸುವ ಪ್ರದೇಶಕ್ಕೆ ಸುಳಿವು ಇನ್ನಷ್ಟು ಗಟ್ಟಿಯಾಗಿ ಸಿಗುತ್ತದೆ.

ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಮತ್ತು ವಿಲಿಯಂ ಹರ್ಸ್ಟೀನ್ 1999ರಲ್ಲಿ, ಹೀಗೆ ವ್ಯತ್ಯಾಸವನ್ನು ಹಿಗ್ಗಿಸುವುದು ಕಲೆಯ ಒಂದು ನಿಯಮವೆಂದೇ ವಾದಿಸಿದರು. ಚೋಳರ ಕಂಚಿನ ಪಾರ್ವತಿಯ ಸಣ್ಣ ನಡುವಿಗೂ ಅವರು ಕೊಟ್ಟ ವಿವರಣೆ ಇದೇ.