ಸ್ಪೀಕರ್ ತಾನಾಗಿ ಅಪ್‌ಡೇಟ್ ಆದರೆ?

ತೊಪ್ಪೂರು ಘಾಟಿಯಲ್ಲಿ ಚಕ್ರ ಬಿಚ್ಚಿ ನಿಲ್ಲಿಸಿದ ಲಾರಿಯನ್ನು ನೋಡಿದ್ದೀರಾ? ಹೊಸ ಚಕ್ರ ಹಾಕುವ ತನಕ ಅದು ಒಂದಡಿಯೂ ಮುಂದೆ ಹೋಗದು. ಇಂಟರ್‌ನೆಟ್‌ಗೆ ಸೇರಿಸಿದ ಸ್ಪೀಕರ್ ಅಪ್‌ಡೇಟ್ ಆಗುವಾಗಲೂ ಹಾಗೇ. ಅದನ್ನು ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಅಂತ ಹೆಸರು. ಕಂಪನಿ ಹೊಸದನ್ನು ಕಳಿಸಿದರೆ ಎಷ್ಟೋ ಸ್ಪೀಕರ್‌ಗಳು ನಿಮ್ಮನ್ನು ಕೇಳದೆ ಹಳೆಯದನ್ನು ಅಳಿಸಿ ಬರೆದುಕೊಳ್ಳುತ್ತವೆ. ನಡುವೆ ಕರೆಂಟ್ ಹೋದರೆ, ಅಥವಾ ಹೊಸದರಲ್ಲೇ ತಪ್ಪಿದ್ದರೆ, ಸ್ಪೀಕರ್ ಏಳದೇ ಹೋಗಬಹುದು.

2025ರ ಮಾರ್ಚ್‌ನಲ್ಲಿ ಸ್ಯಾಮ್‌ಸಂಗ್‌ನ ಒಂದು ದುಬಾರಿ ಮಾದರಿಯ ಅನೇಕ ಸೌಂಡ್‌ಬಾರ್‌ಗಳು ತಪ್ಪು ಅಪ್‌ಡೇಟ್‌ನಿಂದ ಮೂಕವಾದವು. ಕಂಪನಿಯೇ ಉಚಿತವಾಗಿ ರಿಪೇರಿ ಮಾಡಿಕೊಡಬೇಕಾಯಿತು.

ಹಾಗಂತ ಅಪ್‌ಡೇಟೇ ಬೇಡವೇ? ಬೇಕು, ಹ್ಯಾಕರ್‌ಗಳು ನುಸುಳುವ ಕಿಂಡಿ ಮುಚ್ಚುವುದೂ ಅದೇ. ಆದರೆ ಕಾಸು ಕೊಟ್ಟವರನ್ನು ಒಂದು ಮಾತು ಕೇಳಬೇಕಲ್ಲವೇ? ನಿಮ್ಮ ಸ್ಪೀಕರ್ ಕೇಳುತ್ತದೆಯೋ ಇಲ್ಲವೋ, ಸೆಟ್ಟಿಂಗ್ಸ್‌ನಲ್ಲಿ ಇವತ್ತೇ ನೋಡಿ. ಅಪ್‌ಡೇಟ್ ಮುಗಿಯುವ ತನಕ ಪ್ಲಗ್ ಮಾತ್ರ ಕೀಳಬೇಡಿ.