ಕೊಂಡ ಸಾಕ್ಷಿ, ಕಳೆದ ಸ್ಥಾನ

ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಹೊನ್ನನ್ನು ಅರಸುತ್ತ ಬಂದವರ ಕಣ್ಣಿಗೆ ಬಿದ್ದದ್ದು ಅಕ್ಷರ. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ಅರಸನ ಬಿರುದುಗಳಷ್ಟೇ ಇದ್ದವು. ಆ ಪ್ರಿಯದರ್ಶಿಯೇ ಅಶೋಕನೆಂದು ವಿದ್ವಾಂಸರು 1837ರಿಂದ ಸಿಂಹಳದ ಗ್ರಂಥಗಳ ಬಲದಿಂದ ಹೇಳುತ್ತ ಬಂದಿದ್ದರು. ಹೆಸರನ್ನು ಕಲ್ಲಿನಲ್ಲಿಯೇ ತೋರಿಸಿಕೊಟ್ಟ ಮೊದಲ ಶಾಸನ ಮಸ್ಕಿಯದು. ಒಂದು ಪ್ರಾಮಾಣಿಕವಾದ ಸಾಕ್ಷಿಗೆ ಎಷ್ಟು ತೂಕವಿರುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ. ಇಂದು ನಾನು ಹೇಳಹೊರಟಿರುವುದು ಜಾಲತಾಣದ ವಿಷಯವಾದರೂ ಮೂಲದಲ್ಲಿ ಅದೂ ಸಾಕ್ಷಿಯ ಪ್ರಶ್ನೆಯೇ ಆಗಿರುವುದರಿಂದ ಈ ಪೀಠಿಕೆ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ಒಂದು ಜಾಲತಾಣವನ್ನು ಕಟ್ಟಿದರು. ಮಸ್ಕಿಯ ಶಾಸನ, ಮುದಗಲ್ಲಿನ ಕೋಟೆ, ಹಟ್ಟಿಯ ಗಣಿಯಲ್ಲಿ ದುಡಿದವರ ನೆನಪುಗಳು, ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ನೆಲ ಭತ್ತದ ನೆಲವಾದ ಬಗೆ, ಸಿಂಧನೂರಿನ ಸುತ್ತಣ ಕ್ಯಾಂಪುಗಳಲ್ಲಿ ನೆಲೆಗೊಂಡ ಬಂಗಾಳಿ ನಿರಾಶ್ರಿತರ ಬದುಕು, ಹೀಗೆ ಪುಸ್ತಕಗಳಲ್ಲಿ ಸುಲಭವಾಗಿ ಸಿಗದ ಸಂಗತಿಗಳನ್ನು ಅಲ್ಲಿ ಕೂಡಿಹಾಕುತ್ತಿದ್ದೆವು. ಕೆಲವು ಲೇಖನಗಳನ್ನು ನಾನೂ ಬರೆದಿದ್ದೆ. ಒಂದು ದಿನ ಲಿಂಗಸುಗೂರಿನ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ, "ಸರ್, ನಿಮ್ಮ ಮಸ್ಕಿ ಲೇಖನ ಎಲ್ಲೂ ಸಿಗವಲ್ದ್ರಿ" ಎಂದಳು. ನಮ್ಮದರ ಬದಲು ಅವಳಿಗೆ ಸಿಕ್ಕ ಪುಟ ಮಸ್ಕಿಯನ್ನು ಬಳ್ಳಾರಿ ಜಿಲ್ಲೆಯಲ್ಲಿ ಇರಿಸಿತ್ತು. ಅವಳು ಅದನ್ನೇ ತನ್ನ ಪ್ರಬಂಧದಲ್ಲಿ ಬರೆದುಕೊಂಡಿದ್ದಳು. ನಮ್ಮ ತಾಣ ಅಳಿದಿರಲಿಲ್ಲ, ವಿಳಾಸ ಬಲ್ಲವರಿಗೆ ತೆರೆಯುತ್ತಿತ್ತು. ಆದರೆ ಗೂಗಲ್‌ನಲ್ಲಿ ಹುಡುಕುವವರ ಪಾಲಿಗೆ ಅದು ಇರಲೇ ಇಲ್ಲ.

ಹುಡುಕುಯಂತ್ರ ಮಾಡುವ ಕೆಲಸ ಮೂರು. ಜಾಲದ ಪುಟಗಳನ್ನು ಸುತ್ತಿ ಓದುವುದು ಒಂದು. ಓದಿದ್ದನ್ನು ದೊಡ್ಡದೊಂದು ಪದಸೂಚಿಯಾಗಿ ಜೋಡಿಸಿಡುವುದು ಎರಡು. ಕೇಳಿದವರ ಮುಂದೆ ಯಾವುದನ್ನು ಮೊದಲಿಡಬೇಕು, ಯಾವುದನ್ನು ಕೊನೆಗಿಡಬೇಕು ಎಂದು ತೂಗುವುದು ಮೂರು. ಈ ಮೂರನೆಯದರಲ್ಲಿಯೇ ಎಲ್ಲ ತಕರಾರೂ ಇರುವುದು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಮುಂದಿಟ್ಟ ಸೂತ್ರ ನಮ್ಮಂಥ ಅಧ್ಯಾಪಕರಿಗೆ ಅಪರಿಚಿತವಲ್ಲ. ಒಂದು ಸಂಶೋಧನ ಲೇಖನವನ್ನು ಇತರ ವಿದ್ವಾಂಸರು ಎಷ್ಟು ಉಲ್ಲೇಖಿಸಿದ್ದಾರೆ, ಉಲ್ಲೇಖಿಸಿದವರು ಎಂಥವರು ಎಂಬುದರಿಂದ ಅದರ ಮಾನ್ಯತೆಯನ್ನು ನಾವು ಅಳೆಯುವುದಿಲ್ಲವೆ? ಹಾಗೆಯೇ ಒಂದು ಪುಟಕ್ಕೆ ಬೇರೆ ಪುಟಗಳು ಕೊಟ್ಟಿರುವ ಕೊಂಡಿಗಳನ್ನು, ಅಂದರೆ ಲಿಂಕುಗಳನ್ನು, ಅದರ ಪರವಾದ ಸಾಕ್ಷಿಗಳೆಂದು ಅವರು ಎಣಿಸಿದರು. ಈಗ ತೂಗುವ ಬಗೆಯಲ್ಲಿ ಇನ್ನೂ ಎಷ್ಟೋ ಅಂಶಗಳು ಸೇರಿವೆ. ಆದರೂ ಕೊಂಡಿಯ ಬೆಲೆ ಪೂರ್ತಿ ಕುಸಿದಿಲ್ಲ.

ಸಾಕ್ಷಿಗೆ ಬೆಲೆ ಬಂದಲ್ಲಿ ಸುಳ್ಳುಸಾಕ್ಷಿಯ ಅಂಗಡಿಯೂ ತೆರೆಯುತ್ತದೆ. ಹಣ ಕೊಟ್ಟರೆ ನೂರಾರು ತಾಣಗಳಿಂದ ಕೊಂಡಿ ಹಾಕಿಸಿಕೊಡುವವರು ಹುಟ್ಟಿಕೊಂಡರು. ಇದನ್ನು ತಡೆಯಲು ಗೂಗಲ್ 2012ರ ಏಪ್ರಿಲ್ 24ರಂದು ಪೆಂಗ್ವಿನ್ ಎಂಬ ಗಣಕಸೂತ್ರವನ್ನು ಜಾರಿಗೆ ತಂದಿತು. ಅದಕ್ಕೂ ಮೊದಲೇ ದೊಡ್ಡವರಿಗೆ ದಂಡನೆಯಾದದ್ದುಂಟು. ಓದುಗರಿಗೆ ಒಂದು, ಯಂತ್ರಕ್ಕೆ ಇನ್ನೊಂದು ಪುಟ ತೋರಿಸಿದ್ದಕ್ಕಾಗಿ 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯು ಕಾರು ಸಂಸ್ಥೆಯ ಜರ್ಮನ್ ತಾಣವನ್ನು ಸೂಚಿಯಿಂದಲೇ ತೆಗೆಯಲಾಯಿತು. ಕೊಂಡ ಕೊಂಡಿಗಳ ಬಲದಿಂದ ಮೇಲೇರಿದ್ದ ಅಮೆರಿಕದ ಜೆ. ಸಿ. ಪೆನ್ನಿ ಮಳಿಗೆಯ ತಾಣವು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಯಿಂದ ಬಯಲಿಗೆ ಬಂದು ಕೆಳಕ್ಕೆ ಬಿದ್ದಿತು. 2012ರ ಜನವರಿಯಲ್ಲಿ ಗೂಗಲ್ ತನ್ನದೇ ಕ್ರೋಮ್ ಪುಟವನ್ನು ಇಂಥದೇ ಕಾರಣಕ್ಕೆ 60 ದಿನಗಳ ಮಟ್ಟಿಗೆ ಕೆಳಗಿಳಿಸಬೇಕಾಯಿತು.

ಆದರೆ ಕೆಳಗೆ ಬಿದ್ದದ್ದೆಲ್ಲ ದಂಡನೆಯಲ್ಲ. ರೋಗ ಯಾವುದೆಂದು ತಿಳಿಯದೆ ಮದ್ದು ಕೊಡಬಾರದು. ಗೂಗಲ್ ತಾಣದ ಒಡೆಯರಿಗಾಗಿ ಸರ್ಚ್ ಕನ್ಸೋಲ್ ಎಂಬ ಉಚಿತವಾದ ಸೌಲಭ್ಯವನ್ನು ಇರಿಸಿದೆ. ಅಲ್ಲಿ ಮ್ಯಾನುಯಲ್ ಆ್ಯಕ್ಷನ್ ಎಂಬ ವಿಭಾಗದಲ್ಲಿ ಸೂಚನೆ ಇದ್ದರೆ, ಮನುಷ್ಯನೊಬ್ಬ ತಾಣವನ್ನು ಪರಿಶೀಲಿಸಿ ದಂಡ ವಿಧಿಸಿದ್ದಾನೆಂದು ಅರ್ಥ. ಅದಕ್ಕೆ ಮನವಿ ಸಲ್ಲಿಸಬಹುದು. ಸೂಚನೆ ಇಲ್ಲದಿದ್ದರೆ ಗಣಕಸೂತ್ರ ಬದಲಾಗಿ ನಮ್ಮ ತೂಕ ಇಳಿದಿರಬಹುದು. ಅಲ್ಲಿ ಅಹವಾಲು ಕೇಳುವವರಿಲ್ಲ, ಬರಹವನ್ನು ಉತ್ತಮಪಡಿಸಿ ಕಾಯುವುದೊಂದೇ ದಾರಿ. ತಾಣಕ್ಕೆ ಕಳ್ಳರು ನುಗ್ಗಿ ತಮ್ಮ ಪುಟಗಳನ್ನು ಸೇರಿಸಿದ್ದರೆ ಭದ್ರತೆಯ ವಿಭಾಗದಲ್ಲಿ ಎಚ್ಚರಿಕೆ ಇರುತ್ತದೆ. ಇವಾವುವೂ ಅಲ್ಲದೆ, ಯಂತ್ರಕ್ಕೆ ನಮ್ಮ ಪುಟ ಓದಲು ಬರದಿರುವುದೂ ಉಂಟು. ನಮ್ಮ ಹಳೆಯ ಲೇಖನಗಳಲ್ಲಿ ಹಲವು ಯೂನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸದಲ್ಲಿದ್ದವು. ಕಣ್ಣಿಗೆ ಅವು ಕನ್ನಡ. ಯಂತ್ರದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಆ ಲೇಖನಗಳು ಕಾಣದೆ ಹೋದದ್ದಕ್ಕೆ ಯಾರ ದಂಡನೆಯೂ ಕಾರಣವಾಗಿರಲಿಲ್ಲ.

ಉಳಿದುದಕ್ಕೆ ದಂಡನೆಯೇ ಕಾರಣ. ಸೂಚನೆ ಸ್ಪಷ್ಟವಾಗಿತ್ತು: ನಿಮ್ಮ ತಾಣದತ್ತ ಅಸಹಜವಾದ ಕೊಂಡಿಗಳು ಬಂದಿವೆ. ತಾಣವನ್ನು ನೋಡಿಕೊಳ್ಳುತ್ತಿದ್ದ ಸಿಂಧನೂರಿನ ಹುಡುಗ ತಲೆ ತಗ್ಗಿಸಿ ಕುಳಿತ. ಮೊದಲ ಪುಟಕ್ಕೆ ತರುತ್ತೇವೆಂದ ನಗರದ ಒಂದು ಸಂಸ್ಥೆಗೆ ಅವನು ತನ್ನ ಸಂಬಳದಿಂದ 12,000 ರೂಪಾಯಿ ಕೊಟ್ಟಿದ್ದ. "ಚಲೋ ಆಗ್ಲಿ ಅಂತ ಮಾಡೀನ್ರಿ ಸರ್" ಎಂದ. ನಾನು ಸಿಟ್ಟಾಗಲಿಲ್ಲ. ಮೂರು ತಿಂಗಳು ನಮ್ಮ ಲೇಖನಗಳು ಮೇಲೆ ಕಾಣಿಸಿದಾಗ ಕಾರಣ ಕೇಳದೆ ಹಿಗ್ಗಿದವನು ನಾನೇ ಅಲ್ಲವೆ? ಹಳೆಯ ಹೆಸರನ್ನು ಬಿಟ್ಟು ಹೊಸ ಹೆಸರಿನಲ್ಲಿ ತಾಣ ತೆರೆಯೋಣವೆಂದು ಅವನು ಸೂಚಿಸಿದ. ನಾನು ಒಪ್ಪಲಿಲ್ಲ. ಶಾಲೆಯ ಮೇಷ್ಟ್ರುಗಳು, ಸಂಶೋಧನ ವಿದ್ಯಾರ್ಥಿಗಳು ಆ ಹಳೆಯ ಹೆಸರನ್ನು ತಮ್ಮ ಬರಹಗಳಲ್ಲಿ ನಮೂದಿಸಿದ್ದರು. ಹೆಸರನ್ನು ತೊರೆದರೆ ಆ ನಿಜವಾದ ಸಾಕ್ಷಿಗಳನ್ನೂ ತೊರೆದಂತಾಗುತ್ತಿತ್ತು.

ಆಮೇಲಿನ ಕೆಲಸ ನನಗೆ ಗ್ರಂಥಸಂಪಾದನೆಯನ್ನು ನೆನಪಿಸಿತು. ಸರ್ಚ್ ಕನ್ಸೋಲ್‌ನಿಂದ ಕೊಂಡಿಗಳ ಪಟ್ಟಿಯನ್ನು ಇಳಿಸಿಕೊಂಡು ಒಂದೊಂದನ್ನೂ ತೆರೆದು ನೋಡಿದೆವು. ಪ್ರಾಚೀನ ಕಾವ್ಯದಲ್ಲಿ ಕವಿಯ ಪದ್ಯ ಯಾವುದು, ಪ್ರಕ್ಷಿಪ್ತ ಯಾವುದು ಎಂದು ವಿಂಗಡಿಸುವಂತೆ ಸಹಜ, ಸಂದಿಗ್ಧ, ಕೊಂಡದ್ದು ಎಂದು ಮೂರು ಪಾಲು ಮಾಡಿದೆವು. ಔಷಧಿ ಮಾರುವ, ಜೂಜಾಡಿಸುವ ವಿದೇಶಿ ತಾಣಗಳು ಮಸ್ಕಿಯ ಶಾಸನವನ್ನು ಓದಿರೆಂದು ಜನರನ್ನು ಕಳಿಸುತ್ತಿದ್ದವು! ಪ್ರಕ್ಷಿಪ್ತವನ್ನು ಗುರುತಿಸಲು ಪಾಂಡಿತ್ಯವೇನೂ ಬೇಕಾಗಲಿಲ್ಲ. ಅಂಥ ಕೊಂಡಿಗಳನ್ನು ತೆಗೆಯಿರೆಂದು ಆ ತಾಣಗಳಿಗೆ ಪತ್ರ ಬರೆಯುವುದು ಮೊದಲ ಹೆಜ್ಜೆ. ಅವರು ತೆಗೆಯದಿದ್ದರೆ, ಈ ಸಾಕ್ಷಿಗಳನ್ನು ನಮ್ಮ ಪರವಾಗಿ ಎಣಿಸಬೇಡಿ ಎಂದು ಗೂಗಲ್‌ಗೆ ಪಟ್ಟಿ ಕೊಡುವುದು ಎರಡನೆಯದು. ಈ ಸೌಕರ್ಯವನ್ನು ಅವರು 2012ರ ಅಕ್ಟೋಬರಿನಲ್ಲಿ ತೆರೆದರು. ಸುಮ್ಮನೆ ಎಲ್ಲವನ್ನೂ ಪಟ್ಟಿಗೆ ಸೇರಿಸಿದರೆ ಒಳ್ಳೆಯ ಕೊಂಡಿಗಳೂ ಹೋಗುತ್ತವೆ. ದಂಡನೆಯಿಲ್ಲದವರು ಅದರ ಗೊಡವೆಗೆ ಹೋಗದಿರುವುದೇ ಲೇಸು.

ನಮ್ಮ ಮೊದಲ ಮನವಿ ತಿರಸ್ಕೃತವಾಯಿತು. ಈಗ ಓದಿದರೆ ಕಾರಣ ಗೊತ್ತಾಗುತ್ತದೆ. ತಪ್ಪೆಲ್ಲ ಸಂಸ್ಥೆಯದೆಂದು ಬರೆದು, ಯಾರಿಗೂ ಪತ್ರ ಹಾಕದೆ, ಬರಿಯ ಪಟ್ಟಿಯೊಂದನ್ನು ಲಗತ್ತಿಸಿದ್ದೆವು. ಎರಡನೆಯ ಮನವಿಯನ್ನು ಹುಡುಗನೇ ಬರೆದ. ನಾವು ಹಣ ಕೊಟ್ಟು ಕೊಂಡಿ ಪಡೆದೆವು, ಇಷ್ಟು ತಾಣಗಳಿಗೆ ಇಂಥ ದಿನ ಬರೆದೆವು, ಇಷ್ಟನ್ನು ತೆಗೆಸಿದೆವು, ಉಳಿದವನ್ನು ಪಟ್ಟಿಯಲ್ಲಿ ನಿರಾಕರಿಸಿದ್ದೇವೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ. ಇಷ್ಟೇ ಅದರ ಸಾರ. ಕೆಲವು ವಾರಗಳ ಅನಂತರ ದಂಡನೆಯನ್ನು ಹಿಂತೆಗೆದುಕೊಂಡಿರುವುದಾಗಿ ಉತ್ತರ ಬಂತು.

ಬಿಡುಗಡೆಯಾದೊಡನೆ ಹಳೆಯ ಎತ್ತರ ಮರಳುತ್ತದೆಂದು ನಂಬಿದವರು ನಿರಾಶರಾಗುತ್ತಾರೆ. ಆ ಎತ್ತರದಲ್ಲಿ ಒಂದು ಭಾಗ ಸಾಲದ್ದು, ಅದು ಸಾಲದೊಡನೆಯೇ ಹೋಗುತ್ತದೆ. ನಮ್ಮ ತಾಣವೂ ಮೊದಲ ಸಾಲಿಗೆ ಬರಲಿಲ್ಲ. ಕಾಲುವೆ, ಕ್ಯಾಂಪುಗಳನ್ನು ಕುರಿತು ಸಂಸ್ಥೆಯವರು ಯಂತ್ರದಿಂದ ಬರೆಸಿ ತುಂಬಿದ್ದ ಪುಟಗಳನ್ನು ಅಳಿಸಿದೆವು. ಇಂಥ ರಾಶಿಬರಹವನ್ನು ಗೂಗಲ್ 2024ರ ಮಾರ್ಚಿಯಲ್ಲಿ ಹೊಸ ನಿಯಮದಿಂದ ದಂಡಾರ್ಹವೆಂದು ಸಾರಿತು. ಹಳೆಯ ಲೇಖನಗಳನ್ನು ಯೂನಿಕೋಡ್‌ಗೆ ತಂದು ಕಾಗುಣಿತದ ತಪ್ಪುಗಳನ್ನು ತಿದ್ದಿದೆವು. ಪ್ರತಿ ಲೇಖನಕ್ಕೆ ಬರೆದವರ ಹೆಸರನ್ನೂ ಮಾಹಿತಿ ಕೊಟ್ಟ ಊರನ್ನೂ ನಮೂದಿಸಿದೆವು. ತಿಂಗಳುಗಳು ಉರುಳಿದ ಮೇಲೆ ಮಸ್ಕಿಯ ಲೇಖನ ಎರಡನೆಯ ಪುಟದಲ್ಲಿ, ಅನಂತರ ಮೊದಲ ಪುಟದ ಕೊನೆಯಲ್ಲಿ ಕಾಣಿಸಿಕೊಂಡಿತು.

ಈ ತೂಕದ ತಕ್ಕಡಿ ದೂರದ ಒಂದು ಖಾಸಗಿ ಸಂಸ್ಥೆಯ ಕೈಯಲ್ಲಿದೆ ಎಂಬ ಅಸಮಾಧಾನ ನನಗೆ ಇಂದಿಗೂ ಇದೆ. ನಮ್ಮ ಊರಿನ ಚರಿತ್ರೆ ನಮ್ಮ ಮಕ್ಕಳಿಗೆ ಕಾಣಬೇಕೊ ಬೇಡವೊ ಎಂಬುದನ್ನು ಅವರ ಸೂತ್ರ ನಿರ್ಧರಿಸುವುದು ಸರಿಯೆ ಎಂದು ಕೇಳಲೇಬೇಕು. ಆದರೆ ತಕ್ಕಡಿಗೆ ಸುಳ್ಳು ಬಟ್ಟು ಹಾಕಿದವರು ನಾವಾದಾಗ ಆ ಪ್ರಶ್ನೆ ಕೇಳುವ ಬಾಯಿ ಬರುವುದಿಲ್ಲ.

ಲಿಂಗಸುಗೂರಿನ ಆ ವಿದ್ಯಾರ್ಥಿನಿ ತನ್ನ ಪ್ರಬಂಧವನ್ನು ತಿದ್ದಿಕೊಂಡಳು. ಹೋದ ತಿಂಗಳು ಅವಳು ತನ್ನ ಕಾಲೇಜಿನ ತಾಣದಲ್ಲಿ ಅದನ್ನು ಪ್ರಕಟಿಸಿ, ಕೊನೆಯಲ್ಲಿ ನಮ್ಮ ಲೇಖನಕ್ಕೆ ಒಂದು ಕೊಂಡಿ ಕೊಟ್ಟಿದ್ದಾಳೆ. ಸಿಂಧನೂರಿನ ಹುಡುಗ ಅದನ್ನು ನನಗೆ ತೋರಿಸಲೆಂದೇ ಬಸ್ಸು ಹತ್ತಿ ಬಂದಿದ್ದ.

(ಬಾನುಲಿ ಭಾಷಣ, ಆಕಾಶವಾಣಿಯ ಕೃಪೆಯಿಂದ)