ಬಿದ್ದು ಎದ್ದ ಪರ್ವತ

ದಕ್ಷಿಣ ಅಮೆರಿಕದಲ್ಲಿ ಚಿಲಿ ಮತ್ತು ಬೊಲಿವಿಯ ದೇಶಗಳ ಗಡಿಯ ಮೇಲೆ ಎರಡು ಅಗ್ನಿಪರ್ವತಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ. ಒಂದು ಪಾರಿನಾಕೋಟ, ಇನ್ನೊಂದು ಪೊಮೆರಾಪೆ. ಎರಡೂ ಸಮುದ್ರಮಟ್ಟದಿಂದ 6,200 ಮೀಟರಿಗೂ ಹೆಚ್ಚು ಎತ್ತರವಾದವು. ಈ ಜೋಡಿಗೆ ಪಾಯಾಚಾಟ ಎಂದು ಹೆಸರು. ಅಲ್ಲಿಯ ಐಮಾರ ಜನರ ಭಾಷೆಯಲ್ಲಿ 'ಪಾಯ' ಎಂದರೆ ಎರಡು.

ಅವಳಿಗಳೆಂದು ಕರೆದರೂ ಇವುಗಳ ರೂಪ ಒಂದೇ ಅಲ್ಲ. ಪೊಮೆರಾಪೆಯ ಮೈಯನ್ನು ಹಿಮನದಿಗಳು ಕೊರೆದು ಕಂದರಗಳನ್ನು ಮಾಡಿವೆ. ಪಾರಿನಾಕೋಟವಾದರೋ ಕಣದಲ್ಲಿ ಸುರಿದ ಭತ್ತದ ರಾಶಿಯಂತೆ ನುಣುಪಾಗಿ, ಸಮನಾಗಿ ಇದೆ. ಇಷ್ಟು ಸುಂದರವಾದ ಪರ್ವತಕ್ಕೆ ಯಾವ ವಿಪತ್ತೂ ತಟ್ಟಿರಲಾರದೆಂದು ನೋಡಿದವರಿಗೆ ತೋರುವುದು ಸಹಜ. ಆದರೆ ನಿಜಸಂಗತಿ ಇದಕ್ಕೆ ತೀರ ವಿರುದ್ಧವಾದುದು.

ಈ ಪರ್ವತಗಳು ಹುಟ್ಟಿದ ಬಗೆಯನ್ನು ಮೊದಲು ನೋಡೋಣ. ಪೆಸಿಫಿಕ್ ಸಾಗರತಳದ ನಾಸ್ಕ ಫಲಕವು ವರ್ಷಕ್ಕೆ ಆರೇಳು ಸೆಂಟಿಮೀಟರಿನಂತೆ ದಕ್ಷಿಣ ಅಮೆರಿಕದ ಅಡಿಗೆ ನುಗ್ಗುತ್ತಿದೆ. ಆಳಕ್ಕಿಳಿದಂತೆ ಅದರ ಖನಿಜಗಳಲ್ಲಿ ಸೆರೆಯಾಗಿದ್ದ ನೀರು ಹೊರಬಿದ್ದು ಮೇಲಿನ ಬಿಸಿಶಿಲೆಯನ್ನು ಸೇರುತ್ತದೆ. ನೀರು ಬೆರೆತ ಶಿಲೆಯ ಕರಗುವ ಉಷ್ಣತೆ ತಗ್ಗುವುದರಿಂದ ಶಿಲಾರಸ ಉಂಟಾಗುತ್ತದೆ. ಇಲ್ಲಿ ಸುಮಾರು 70 ಕಿಲೋಮೀಟರು ದಪ್ಪವಿರುವ ಭೂಚಿಪ್ಪನ್ನು ಸೀಳಿಕೊಂಡು ಅದು ಮೇಲೇರಿ ಬರಬೇಕು.

ಪೊಮೆರಾಪೆ ಹಿರಿಯದು, ಅದರ ಶಿಲೆಗಳಿಗೆ ಲಕ್ಷ ವರ್ಷದಷ್ಟು ವಯಸ್ಸಿದೆ. ಪಾರಿನಾಕೋಟವೂ ಹಿಂದೆಯೇ ಒಮ್ಮೆ ದೊಡ್ಡದಾಗಿ ಬೆಳೆದಿತ್ತು. ಗಟ್ಟಿ ಲಾವಾ ಪದರಗಳ ನಡುವೆ ಸಡಿಲವಾದ ಬೂದಿ ಸೇರಿ ಬೆಳೆದ ಬೆಟ್ಟಕ್ಕೆ ತನ್ನ ಭಾರವೇ ಶತ್ರು. ರಾಶಿಯ ಇಳಿಜಾರು ಮಿತಿಮೀರಿದರೆ ಕಾಳು ಜಾರುವುದಿಲ್ಲವೆ? ಅದರಂತೆ ಒಂದು ದಿನ ಪಾರಿನಾಕೋಟದ ಪಶ್ಚಿಮ ಪಾರ್ಶ್ವವು ಕುಸಿದು ಬಿತ್ತು. ಸುಮಾರು 6 ಘನ ಕಿಲೋಮೀಟರು ಕಲ್ಲುಮಣ್ಣು 20 ಕಿಲೋಮೀಟರಿಗೂ ದೂರ ಹರಿದು, ಸುಮಾರು 140 ಚದರ ಕಿಲೋಮೀಟರು ನೆಲವನ್ನು ಮುಚ್ಚಿತು. ಭಾಗಾಕಾರ ಮಾಡಿ ನೋಡಿ: ಸರಾಸರಿ ದಪ್ಪ 40 ಮೀಟರಿಗೂ ಮಿಕ್ಕುತ್ತದೆ! ನದಿಯ ದಾರಿ ಕಟ್ಟಿಹೋಗಿ ಚುಂಗಾರಾ ಸರೋವರ ನಿಂತಿತು. ಉರುಳಿಬಂದ ದಿಬ್ಬಗಳ ನಡುವೆ ಕೋಟಾಕೋಟಾನಿಯ ಕೊಳಗಳು ತುಂಬಿದವು.

ಇಂತಹ ದಿಬ್ಬಗಳ ಅರ್ಥವು ಸ್ಪಷ್ಟವಾಗಿ ತಿಳಿದುದು 1980ರ ಮೇ 18ರಂದು. ಆ ದಿನ ಅಮೆರಿಕ ಸಂಯುಕ್ತ ಸಂಸ್ಥಾನದ ಸೇಂಟ್ ಹೆಲೆನ್ಸ್ ಪರ್ವತದ ಉತ್ತರ ಪಾರ್ಶ್ವವು ಜನರ ಕಣ್ಣೆದುರಿನಲ್ಲೇ ಜಾರಿ ಬಿದ್ದು, ಅದೇ ರೀತಿಯ ದಿಬ್ಬಗಳನ್ನು ಬಿಟ್ಟುಹೋಯಿತು.

ಪಾರಿನಾಕೋಟ ಬಿದ್ದುದು ಎಂದು? ಬೇರೆಬೇರೆ ವಿಧಾನಗಳ ಉತ್ತರಗಳು ಸುಮಾರು 8,000 ವರ್ಷದಿಂದ 20,000 ವರ್ಷದವರೆಗೆ ಹರಡಿವೆ. ಇವುಗಳಲ್ಲಿ ಒಂದು ವಿಧಾನ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ರುಚಿಸುವಂತಹುದು. ಆಕಾಶದಿಂದ ಬರುವ ವಿಶ್ವಕಿರಣಗಳು ಬಯಲಲ್ಲಿರುವ ಶಿಲೆಯ ಪರಮಾಣುಗಳನ್ನು ಒಡೆದು ಹೀಲಿಯಂ-3ನ್ನು ಉಂಟುಮಾಡುತ್ತವೆ. ಶೇಖರವಾದ ಹೀಲಿಯಂ ಅನ್ನು ವರ್ಷಕ್ಕೆ ಹುಟ್ಟುವ ಮೊತ್ತದಿಂದ ಭಾಗಿಸಿದರೆ ಆ ಶಿಲೆ ಎಷ್ಟು ಕಾಲದಿಂದ ಬಯಲಿನಲ್ಲಿದೆಯೆಂಬುದು ತಿಳಿಯುತ್ತದೆ. ಎತ್ತರ ಹೆಚ್ಚಿದಂತೆ ಕಿರಣಗಳು ಹೆಚ್ಚುತ್ತವೆ; ಹಿಮವೋ ಬೂದಿಯೋ ಮುಚ್ಚಿದ್ದರೆ ತಗ್ಗುತ್ತವೆ. ಆದ್ದರಿಂದ ಲೆಕ್ಕದಲ್ಲಿ ಬಹಳ ಎಚ್ಚರಿಕೆ ಬೇಕು.

ಬಿದ್ದ ಪರ್ವತ ಸುಮ್ಮನಿರಲಿಲ್ಲ. ಒಡೆದ ಬಾಯಿಯಿಂದ ಮತ್ತೆಮತ್ತೆ ಲಾವಾ ಉಕ್ಕಿಸಿ ಗಾಯವನ್ನು ಮುಚ್ಚಿಕೊಂಡು, ಹೊಸ ಶಂಕುವನ್ನು ಕಟ್ಟಿಕೊಂಡಿತು. ಹಿಮನದಿಗಳು ಅದನ್ನು ಕೊರೆಯಲು ಇನ್ನೂ ಕಾಲ ಸಾಲದು. ಅದರ ಚೆಲುವಿಗೆ ಕಾರಣ ಇದೇ! ದಕ್ಷಿಣದ ತಪ್ಪಲಿನಲ್ಲಿ ಅಹಾಟ ಎಂಬ ಬಿರುಕುಗಳಿಂದ ಹರಿದ ಲಾವಾಗಳಲ್ಲಿ ಕಿರಿಯವು ಎರಡು ಸಾವಿರ ವರ್ಷವನ್ನೂ ದಾಟಿಲ್ಲವೆಂದು ಹೀಲಿಯಂ ಹೇಳುತ್ತದೆ.

ಈ ಪರ್ವತ ಉಗುಳಿದುದನ್ನು ಕಂಡು ಬರೆದಿಟ್ಟವರು ಯಾರೂ ಇಲ್ಲ. ಹಾಗೆಂದು ಅದನ್ನು ಸತ್ತ ಪರ್ವತವೆನ್ನಬಹುದೆ? ಮನುಷ್ಯನ ದಾಖಲೆಗೆ ಕೆಲವು ಶತಮಾನಗಳ ವಯಸ್ಸು. ಪರ್ವತದ ಒಂದು ನಿದ್ರೆಯೇ ಅದಕ್ಕಿಂತ ದೀರ್ಘವಾದೀತು. ಇಂದು ಆರಿಕಾದಿಂದ ಲಾ ಪಾಸ್‌ಗೆ ಹೋಗುವ ಹೆದ್ದಾರಿ ಚುಂಗಾರಾದ ದಡದಲ್ಲೇ ಹಾಯುತ್ತದೆ. ತಪ್ಪಲಲ್ಲಿ ಜನರು ಲಾಮಾ, ಅಲ್ಪಾಕಾಗಳನ್ನು ಮೇಯಿಸಿಕೊಂಡಿದ್ದಾರೆ. ಅವರ ಪಾಲಿಗೆ ಈ ಪರ್ವತದ ವಯಸ್ಸು ಬರಿಯ ಕುತೂಹಲದ ಪ್ರಶ್ನೆಯಲ್ಲ. ಪರ್ವತದ ನುಣುಪಾದ ಮೈಯನ್ನು ಕಂಡಾಗ ನಾವು ಅದರ ಕಾಲಬುಡದ ದಿಬ್ಬಗಳನ್ನೂ ನೋಡಬೇಕು. ಅದರ ಚರಿತ್ರೆ ಅಲ್ಲಿ ಚೆಲ್ಲಿಬಿದ್ದಿದೆ.